ಹಸಿರೆಲೆಯ ಪಕ್ಕದ ಹಸಿರು ಹಕ್ಕಿ

ಹಕ್ಕಿಯನ್ನು ನಾವೇ ಹುಡುಕಿಕೊಳ್ಳುವುದು ಕಷ್ಟದ ಕೆಲಸವೇ. ಆದರೆ ಇನ್ನೊಬ್ಬರು ಆಗಲೇ ಕಂಡುಬಿಟ್ಟಿರುವ ಹಕ್ಕಿಯನ್ನು ಅವರ ಬೆರಳ ತುದಿ ಹಿಡಿದು ಹುಡುಕುವುದಿದೆಯಲ್ಲ, ಆ ಶಿಕ್ಷೆ ಶತ್ರುವಿಗೂ ಬೇಡ. ಕಳೆದ ಭಾನುವಾರ ಶಿವಮೊಗ್ಗದ ಗಾಂಧಿ ಪಾರ್ಕಿನಲ್ಲಿ ಕತ್ತೆತ್ತಿ ನಿಂತು ತಂದುಕೊಂಡ ನೋವು ಇನ್ನೂ ಇಳಿದಿಲ್ಲವಾದ್ದರಿಂದ, ಹಾಗೂ ಆ ಕತ್ತಿಗೆ ಮುಲಾಮು ಹಚ್ಚುತ್ತಿರುವ ಹೆಂಡತಿಯ ಎದುರು ಆಕೆಯ ಅಣ್ಣನನ್ನು ಬೈಯುವಂತಿಲ್ಲವಾದ್ದರಿಂದ, ಇಲ್ಲಿ ಬರೆದು ಹಗುರಾಗುತ್ತಿದ್ದೇನೆ.

ಭಾವ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಮಂಡಿಯ ಕೆಲಸವೆಂದು ಶನಿವಾರ ಬಂದವರು ರಾತ್ರಿ ನಮ್ಮಲ್ಲೇ ಉಳಿದರು. ಭಾನುವಾರ ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಕ್ಯಾಮೆರಾ ಚೀಲವನ್ನು ಹೆಗಲಿಗೇರಿಸಿ ಪಾರ್ಕಿಗೆ ನುಸುಳುವುದು ನನ್ನ ರೂಢಿ. ಮನೆಯವರೆಲ್ಲರಿಗೂ ಗೊತ್ತಿರುವ ಈ ಗುಟ್ಟನ್ನು ಯಾರೂ ಎತ್ತಿ ಆಡುವುದಿಲ್ಲ. ಅಂದು ಮಾತ್ರ ಭಾವ ನನಗಿಂತ ಮೊದಲೇ ಎದ್ದು, ಪಂಚೆಯ ಮೇಲೊಂದು ಶರ್ಟು ತೊಟ್ಟು, "ನಾನೂ ಬರ್ತೀನಿ ಭಾವ, ಹಕ್ಕಿ ತೋರಿಸ್ತೀನಿ" ಎಂದು ಚಪ್ಪಲಿ ಮೆಟ್ಟಿ ನಿಂತಿದ್ದರು. ನಮ್ಮ ಕಡೆ ಭಾವನಿಗೆ ಭಾವನೂ ಭಾವನೇ.

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದ ಈ ದಿನಗಳಲ್ಲಿ ಯಾವ ಪಾರ್ಕಿಗೆ ಹೋದರೂ ಕಂಚುಕುಟಿಗದ 'ಟುಕ್ ಟುಕ್ ಟುಕ್' ಎಂಬ ಸದ್ದು ಕಿವಿಗೆ ಬೀಳದೆ ಇರುವುದಿಲ್ಲ. ಗುಬ್ಬಚ್ಚಿಗಿಂತ ತುಸು ದೊಡ್ಡದಾದ ಈ ಹಕ್ಕಿಯ ಹಣೆ ಕುಂಕುಮದಷ್ಟು ಕೆಂಪು, ಗಂಟಲು ಹಳದಿ, ಬೆನ್ನು ರೆಕ್ಕೆಗಳೆಲ್ಲ ಅಪ್ಪಟ ಹಸಿರು. ಫೋಟೋದಲ್ಲಿ ಅದು ಮದುವಣಗಿತ್ತಿಯ ಹಾಗೆ ಕಾಣುತ್ತದೆ; ಮರದಲ್ಲಿ ಕಾಣುವುದೇ ಇಲ್ಲ. ಕೂಗುವಾಗ ತಲೆಯನ್ನು ಆಚೀಚೆ ತಿರುಗಿಸುವುದರಿಂದ ಸದ್ದು ಒಮ್ಮೆ ಎಡಗಡೆಯಿಂದಲೂ ಒಮ್ಮೆ ಬಲಗಡೆಯಿಂದಲೂ ಬಂದಂತಾಗುತ್ತದೆ. ಕೊಕ್ಕಾದರೂ ತೆರೆಯುತ್ತದೆಯೇ ಎಂದರೆ ಅದೂ ಇಲ್ಲ. ಮುಚ್ಚಿದ ಕೊಕ್ಕಿನಲ್ಲೇ, ಪ್ರತಿಯೊಂದು 'ಟುಕ್'ಗೂ ಗಂಟಲನ್ನು ಉಬ್ಬಿಸಿ ಇಳಿಸುತ್ತ ಮಧ್ಯಾಹ್ನದವರೆಗೂ ಬಡಿಯುತ್ತ ಕೂರುವ ಶಕ್ತಿ ಅದಕ್ಕಿದೆ.

"ಅಗೋ!" ಎಂದರು ಭಾವ, ಮರದ ಬುಡ ತಲುಪುವ ಮೊದಲೇ.

"ಎಲ್ಲಿ ಭಾವ?"

"ಅಲ್ಲೇ, ಆ ಕೊಂಬೆ ಮೇಲೆ."

"ಯಾವ ಕೊಂಬೆ?"

"ಆ ಹಸಿರು ಎಲೆ ಇದೆಯಲ್ಲ, ಅದರ ಪಕ್ಕ."

ಆ ಮರದಲ್ಲಿ ಹಸಿರಲ್ಲದ ಎಲೆ ಯಾವುದಿದೆ ಎಂದು ಕೇಳುವಷ್ಟು ಸಲಿಗೆ ನಮ್ಮಲ್ಲಿದ್ದರೂ ಕೇಳುವಷ್ಟು ಸಮಯವಿರಲಿಲ್ಲ. 300 ಮಿಲಿಮೀಟರ್ ಲೆನ್ಸಿನೊಳಗೆ ಕಣ್ಣಿಟ್ಟವನಿಗೆ ಕಾಣುವುದು ಇಡೀ ಮರವಲ್ಲ, ಮರದ ಒಂದು ಬೊಗಸೆ ಎಲೆ ಮಾತ್ರ. ಆ ಬೊಗಸೆಯನ್ನು ಎಲ್ಲಿಗೆ ಒಯ್ಯಬೇಕೆಂಬುದು ಮೊದಲೇ ಗೊತ್ತಿಲ್ಲದಿದ್ದರೆ ಎಲೆ ಎಣಿಸುತ್ತ ನಿಲ್ಲುವುದೇ ಗತಿ. ಆದ್ದರಿಂದ ಹಕ್ಕಿ ನೋಡುವವರೆಲ್ಲರೂ ಬಳಸುವ ಗಡಿಯಾರದ ಲೆಕ್ಕವನ್ನು ಭಾವನಿಗೆ ವಿವರಿಸಿದೆ: ಮರವನ್ನು ಗಡಿಯಾರದ ಮುಖವೆಂದು ತಿಳಿಯಬೇಕು, ನೆತ್ತಿ ಹನ್ನೆರಡು ಗಂಟೆ, ಬಲಗಡೆ ಮೂರು, ಎಡಗಡೆ ಒಂಬತ್ತು, ಹಕ್ಕಿ ಎಷ್ಟು ಗಂಟೆಯ ಜಾಗದಲ್ಲಿದೆಯೆಂದು ಹೇಳಿದರೆ ಸಾಕು. ಭಾವ ಗಂಭೀರವಾಗಿ ತಲೆದೂಗಿದರು. ಮರುಕ್ಷಣವೇ "ಅಗೋ!" ಎಂದರು. "ಎಷ್ಟು ಗಂಟೆ ಭಾವ?" ಎಂದೆ. ಅವರು ತೋಳು ಸರಿಸಿ ಕೈಗಡಿಯಾರ ನೋಡಿ, "ಎಂಟೂ ಹತ್ತು" ಎಂದರು.

ಅಷ್ಟಾದ ಮೇಲೆ ಅವರು ಕವಳದ ಸಂಚಿ ಬಿಚ್ಚಿದರು. ಎಲೆಯ ತೊಟ್ಟು ಮುರಿದು, ಬೆನ್ನಿಗೆ ಹೆಬ್ಬೆರಳಿನಿಂದ ಸುಣ್ಣ ಸವರಿ, ಅಡಿಕೆ ಹೋಳಿನ ಜೊತೆ ಒಂದೆಸಳು ತಂಬಾಕನ್ನಿಟ್ಟು ಮಡಿಸಿ ಎಡಗೆನ್ನೆಗೆ ಸೇರಿಸಿದರೆಂದರೆ ಇನ್ನು ಅರ್ಧ ಗಂಟೆ ಅವರಿಂದ ಮಾತು ಹೊರಡುವುದಿಲ್ಲ. ಭಾವ ಮರ್ಯಾದಸ್ಥರು, ಸಾರ್ವಜನಿಕ ಉದ್ಯಾನದಲ್ಲಿ ಉಗುಳುವವರಲ್ಲ. ಬಾಯಿ ತುಂಬಿಕೊಂಡೇ, ಗೇಟಿನ ಹೊರಗೆ ಹೋಗುವವರೆಗೂ ಒಂದು ಹನಿ ಚೆಲ್ಲದಂತೆ ಗದ್ದವನ್ನು ಆಕಾಶಕ್ಕೆತ್ತಿ ಕಾಪಾಡಿಕೊಳ್ಳುತ್ತಾರೆ. ಈ ನಾಗರಿಕ ಪ್ರಜ್ಞೆಯನ್ನು ಬೇರೆ ಯಾವ ದಿನವಾದರೂ ಮೆಚ್ಚುತ್ತಿದ್ದೆ. ಅಂದು ಮಾತ್ರ, ಹಕ್ಕಿ ತೋರಿಸುವ ಉತ್ಸಾಹ ಒಂದಿಷ್ಟೂ ಕುಗ್ಗದೆ, ತೋರಿಸುವ ಸಾಧನ ಬೆರಳಿನಿಂದ ಗದ್ದಕ್ಕೆ ವರ್ಗವಾಯಿತು. "ಉಂ!" ಎಂದು ಗದ್ದವನ್ನು ಮೇಲಕ್ಕೆ ಎಸೆಯುತ್ತಿದ್ದರು. ನಾನು ಲೆನ್ಸನ್ನು ಅತ್ತ ತಿರುಗಿಸಿದರೆ "ಉಂಹೂಂ" ಎಂದು ಗದ್ದವನ್ನು ಎಡಕ್ಕೆ ವಾಲಿಸುತ್ತಿದ್ದರು. ಎಡಕ್ಕೆ ಹೋದರೆ ಹುಬ್ಬು ಬಲಕ್ಕೆ ಹಾರುತ್ತಿತ್ತು. ಮೇಲೊಂದು ಬಾಯಿ ಮುಚ್ಚಿಕೊಂಡೇ ತಲೆ ತಿರುಗಿಸುತ್ತ 'ಟುಕ್ ಟುಕ್' ಎನ್ನುವುದು, ಕೆಳಗೊಬ್ಬರು ಬಾಯಿ ಮುಚ್ಚಿಕೊಂಡೇ ತಲೆ ತಿರುಗಿಸುತ್ತ 'ಉಂ ಉಂ' ಎನ್ನುವುದು. ನಡುವೆ ನಿಂತ ನನಗೆ ಯಾವ ಸದ್ದು ಯಾವ ಕಡೆಯಿಂದ ಬರುತ್ತಿದೆಯೆಂಬುದೇ ತಿಳಿಯದಾಯಿತು.

ಇಬ್ಬರು ಗಂಡಸರು ಮರ ನೋಡುತ್ತ ನಿಂತರೆ ನಮ್ಮ ಊರಿನಲ್ಲಿ ಅದು ಇಬ್ಬರಿಗೇ ನಿಲ್ಲುವುದಿಲ್ಲ. ವಾಕಿಂಗ್ ಮುಗಿಸಿದವರು ಒಬ್ಬೊಬ್ಬರಾಗಿ ಬಂದು ಸೇರಿಕೊಂಡು, "ಹಾವಾ ಸಾರ್?" ಎಂದು ವಿಚಾರಿಸಿ, ಅಲ್ಲವೆಂದು ತಿಳಿದ ಮೇಲೂ ಹೋಗದೆ ನಿಂತರು. ಬೆಂಚಿನ ಮೇಲಿದ್ದ ಹುಡುಗ ಹುಡುಗಿ ನನ್ನ ಲೆನ್ಸಿನ ಉದ್ದ ನೋಡಿ ಏನೇನೋ ಶಂಕಿಸಿ ಎದ್ದು ಹೋದರು. ಹಿರಿಯರೊಬ್ಬರು "ಯಾವ ಪೇಪರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೊಮ್ಮಗನನ್ನು ಎತ್ತಿ ಮುಂದೆ ನಿಲ್ಲಿಸಿ, "ಇವನದೊಂದು ಹೊಡೀರಿ" ಎಂದರು. ಹೊಡೆದೆ. ಬೆಳಿಗ್ಗೆ ಬಿಸಿಲು ಕಾಯಲು ತುದಿಯ ಬೋಳು ಕೊಂಬೆಗೆ ಬಂದು ಕೂರುವ ಅಭ್ಯಾಸ ಕಂಚುಕುಟಿಗಕ್ಕಿದೆ. ನಾನು ಮಗುವಿನ ಮೂಗು ಒರೆಸಿಸುತ್ತಿದ್ದ ಹೊತ್ತನ್ನೇ ಅದು ಅದಕ್ಕಾಗಿ ಆರಿಸಿಕೊಂಡಿತು. ಭಾವನ ಗದ್ದ ಹುಚ್ಚುಹುಚ್ಚಾಗಿ ಕುಣಿಯಿತು. ನಾನು ಕ್ಯಾಮೆರಾ ಎತ್ತಿದೆ, ಅದು ಹಕ್ಕಿಯನ್ನು ಬಿಟ್ಟು ಮುಂದಿನ ಎಲೆಗೆ ಫೋಕಸ್ ಆಯಿತು, ಹಕ್ಕಿ ಹಾರಿತು.

ಇದೇ ಭಾವ ತಮ್ಮ ತೋಟದಲ್ಲಿ ಹೀಗಲ್ಲ. ಅಲ್ಲಿ ಹಾರುವ ಓತಿ ತೋರಿಸುವಾಗ, "ಮೂರನೇ ಸಾಲು, ಕಾಲುವೆಯಿಂದ ಐದನೇ ಮರ, ಎರಡಾಳು ಎತ್ತರ" ಎನ್ನುತ್ತಾರೆ. ನೋಡಿದರೆ ಅಡಿಕೆ ಮರದ ಕಾಂಡದ ಬಣ್ಣದಲ್ಲೇ ಕಾಂಡಕ್ಕೆ ಅಂಟಿಕೊಂಡು ಇರುವೆ ಮೇಯುತ್ತ ಅದು ಅಲ್ಲೇ ಇರುತ್ತದೆ. ಗಂಡಾಗಿದ್ದರೆ ಗಂಟಲಿನ ಹಳದಿ ಚೀಲವನ್ನು ಬಾವುಟದಂತೆ ಬಿಚ್ಚಿ ಮಡಚಿ, ಪಕ್ಕೆಲುಬಿಗೆ ಹಬ್ಬಿದ ತೊಗಲನ್ನು ಹರಡಿ ಆರನೇ ಮರಕ್ಕೆ ತೇಲಿಬಿಡುತ್ತದೆ. "ಈಗ ಆರನೇದು" ಎಂದು ಭಾವ ವಿಳಾಸ ತಿದ್ದುತ್ತಾರೆ. ಕೊಂಬೆಯಿಲ್ಲದ ಮರ, ಸಾಲು ತಪ್ಪದ ತೋಟ, ಹುಟ್ಟಿದಾಗಿನಿಂದ ಎಣಿಸಿಟ್ಟ ಲೆಕ್ಕ. ಎಲೆಚುಕ್ಕಿ ರೋಗ ಬಂದ ಮೇಲೆ ಆ ಲೆಕ್ಕದಲ್ಲಿ ಅಲ್ಲಲ್ಲಿ ಖಾಲಿ ಬಿದ್ದಿದೆ. ಮೊನ್ನೆ ಹೋದಾಗ ಮೂರನೇ ಸಾಲಿನಲ್ಲಿ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಹೋದ ಮರಗಳನ್ನೂ ಸೇರಿಸಿ ಎಣಿಸುವುದೋ ಬಿಟ್ಟು ಎಣಿಸುವುದೋ ಎಂದು ನನ್ನನ್ನೇ ಕೇಳಿದ್ದರು. ನನಗೆ ಹೇಳಲು ತಿಳಿಯಲಿಲ್ಲ.

ಪಾರ್ಕಿನಿಂದ ಮನೆಗೆ ಬಂದು ನೋಡಿದರೆ ಕಾರ್ಡಿನಲ್ಲಿದ್ದದ್ದು ಅಪರೂಪದ ಸ್ಪಷ್ಟತೆಯ ಎಲೆಗಳು ಮತ್ತು ಮೂಗು ಒರೆಸಿದ ಒಂದು ಮಗು. ಎಲೆಯ ಫೋಟೋಗಳಲ್ಲಿ ಒಂದನ್ನು ಭಾವ ನನ್ನ ಕೈಯಿಂದಲೇ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿಸಿ, ಹಕ್ಕಿ ಇದೆ, ಸರಿಯಾಗಿ ನೋಡಿ ಎಂದು ಬರೆಸಿದರು. ಅತ್ತೆಯವರು ಕಂಡಿತು, ಗಿಣಿ ಎಂದರು. ಚಿಕ್ಕಮ್ಮನವರು ಒಣಗಿದ ಎಲೆಯೊಂದಕ್ಕೆ ಕೆಂಪು ಸುತ್ತು ಹಾಕಿ ಕಳುಹಿಸಿದರು. ನನ್ನ ಹೆಂಡತಿ, ಅಡುಗೆಮನೆಯಿಂದಲೇ, ಹಾಲು ಎಲ್ಲಿ ಎಂದು ಕೇಳಿದಳು.

ಸಂಜೆ ಬಸ್ ನಿಲ್ದಾಣಕ್ಕೆ ಬಿಡಲು ಹೋದಾಗ ಭಾವ ನನ್ನ ಮುಖ ನೋಡಿ ಸಮಾಧಾನ ಹೇಳಿದರು. ಮಳೆಗಾಲ ಹಿಡಿಯಲಿ, ಮಂಡಗದ್ದೆಗೆ ಹೋಗೋಣ, ಕ್ಯಾಮೆರಾ ತನ್ನಿ ಎಂದರು. ಮಾತು ಸರಿಯಾಗಿಯೇ ಇತ್ತು. ತೀರ್ಥಹಳ್ಳಿ ರಸ್ತೆಯಲ್ಲಿ ತುಂಗೆಯ ನಡುವಿನ ಆ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಹಸಿರು ಮರದಲ್ಲಿ ಬಿಳಿ ಹಕ್ಕಿ ಕಾಣಲು ಯಾರ ಬೆರಳೂ ಬೇಡ, ಯಾರ ಗದ್ದವೂ ಬೇಡ. ಖಂಡಿತ ಹೋಗೋಣವೆಂದೆ. ಬಸ್ಸು ಹೊರಟಾಗ ಭಾವ ಕಿಟಕಿಯಿಂದ ತಲೆ ಹೊರಹಾಕಿ, "ಹೋದ ವರ್ಷ ಒಂದು ಕಂಡಿದ್ದೆ ಭಾವ, ಮರಿಗೆ ಮೀನು ಕೊಡ್ತಾ ಇತ್ತು. ಅದನ್ನೇ ತೋರಿಸ್ತೀನಿ ನಿಮಗೆ. ಅಲ್ಲೊಂದು ಬಿಳಿ ಹಕ್ಕಿ ಕೂತಿರುತ್ತಲ್ಲ, ಅದರ ಪಕ್ಕದ ಬಿಳಿ ಹಕ್ಕಿ" ಎಂದು ಕೂಗಿದರು.