ಬಾಡಿಗೆಗೆ ಇರುವವರು ಇಲ್ಲಿನವರಲ್ಲವಾ?

ಬರೆಯದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ. ಮನೆಗೆ ಬಂದು ಎಷ್ಟೋ ಹೊತ್ತಾಯಿತು, ಮೈ ಉರಿ ಇನ್ನೂ ಇಳಿದಿಲ್ಲ. ಕಡಿಮೆ ಬಾಡಿಗೆಯ ಸರ್ಕಾರಿ ಮನೆ ಕಟ್ಟಬೇಕು ಅಂತಿದ್ದ ಜಾಗ ಇವತ್ತಿನ ಪಾಲಿಕೆ ಸಭೆಯಲ್ಲಿ ಹೋಯಿತು. "ಸ್ಥಳೀಯರ ವಿರೋಧದ ಕಾರಣ ಸದ್ಯಕ್ಕೆ ಮುಂದೂಡಲಾಗಿದೆ" ಅಂತ ಓದಿ ಫೈಲ್ ಮುಚ್ಚಿದರು. ಹೀಗೆ ಮುಂದೂಡಿದ ಕೆಲಸ ಮತ್ತೆ ಎದ್ದು ಬಂದಿದ್ದನ್ನು ನಾನಂತೂ ನೋಡಿಲ್ಲ.

ನಾನು ಸುಮ್ನೆ ಹೋಗಿರಲಿಲ್ಲ. ಏನು ಹೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಸರದಿ ಬಂತು, ಎದ್ದೆ, ಮೈಕು ಕೈಗೆ ಬಂತು. "ಸರ್, ಇಲ್ಲಿ ಕಡಿಮೆ ಬಾಡಿಗೆಯ ಸರ್ಕಾರಿ ಮನೆಗಳು ಬಂದರೆ..." ಅನ್ನುವಷ್ಟರಲ್ಲಿ ಮುಂದಿನ ಸಾಲಿನವರೊಬ್ಬರು ಕುರ್ಚಿ ಸಮೇತ ತಿರುಗಿದರು. ಮೇಲಿಂದ ಕೆಳಗೆ ಒಂದು ಸಲ ನೋಡಿದರು. "ನೋಡಮ್ಮ, ನಿನ್ನ ಸ್ವಂತ ಮನೆ ಯಾವುದು ಇಲ್ಲಿ?" ಬಾಡಿಗೆಗೆ ಇದ್ದೇವೆ ಸರ್ ಅಂದೆ. "ಹಾಗಾದರೆ ಕೂತ್ಕೋ. ಇದು ಇಲ್ಲಿನವರ ಸಭೆ."

ನಕ್ಕರು. ಒಂದಿಡೀ ಸಾಲು ನಕ್ಕಿತು. ನಾನು ಮೇಜಿನ ಆಚೆ ಕೂತಿದ್ದ ಸದಸ್ಯರನ್ನು ನೋಡಿದೆ. "ಅವರು ಮಾತು ಮುಗಿಸಲಿ" ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಓಟು ಕೇಳಲು ಬಂದಾಗ ಇದೇ ನನ್ನ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು ಅಕ್ಕ ಅಂತ ಕರೆದವರು ಅವರು. ವಾಚ್ ನೋಡಿಕೊಂಡರು. ಮೈಕು ಕೊಟ್ಟಿದ್ದ ಹುಡುಗ ನನ್ನ ಮುಖ ನೋಡದೆ ಅದನ್ನು ವಾಪಸ್ ತಗೊಂಡ. ನಾನು ಮಾತ್ರ ಇನ್ನೂ ನಿಂತೇ ಇದ್ದೆ, ಚೀಟಿ ಹಿಡಿದುಕೊಂಡು. ಹಿಂದೆ ಕೂತಿದ್ದ ಒಬ್ಬರು "ಕೂತ್ಕೊಳ್ಳಿ, ಮುಂದೆ ಕಾಣ್ತಾ ಇಲ್ಲ" ಅಂದರು.

ಇಲ್ಲಿನವರು ಅಂದರೆ ಯಾರು? ನನ್ನ ಮನೆ ಮಾಲೀಕರು ಈ ಊರಲ್ಲೇ ಇಲ್ಲ. ಬಾಡಿಗೆ ಅವರ ಅಕೌಂಟಿಗೆ ಹೋಗುತ್ತದೆ, ಅದರಲ್ಲೇ ಅವರು ಮನೆ ತೆರಿಗೆ ಕಟ್ಟುತ್ತಾರೆ. ಅವರು ಇಲ್ಲಿನವರು. ಇಲ್ಲೇ ಇದ್ದು, ಇಲ್ಲೇ ದುಡಿದು, ಮಕ್ಕಳನ್ನು ಇಲ್ಲೇ ಶಾಲೆಗೆ ಕಳಿಸುವ ನಾನು ಹೊರಗಿನವಳು!

ಆಮೇಲೆ ಮಾತಾಡಿದವರದೆಲ್ಲ ಒಂದೇ ರಾಗ. ಬಡವರಿಗೆ ಮನೆ ಬೇಡ ಅಂತ ಯಾರೂ ಹೇಳುತ್ತಿಲ್ಲ, ಇಲ್ಲಿ ಬೇಡ ಅಷ್ಟೆ. ಟ್ರಾಫಿಕ್ ಆಗುತ್ತದೆ, ನೀರು ಸಾಲುವುದಿಲ್ಲ, ಚರಂಡಿ ತುಂಬುತ್ತದೆ, ಸೈಟಿನ ಬೆಲೆ ಬಿದ್ದುಹೋಗುತ್ತದೆ. ಅದೇ ಜಾಗದಲ್ಲಿ ದುಬಾರಿ ಅಪಾರ್ಟ್‌ಮೆಂಟ್ ಏಳುತ್ತದೆ ಅಂದಿದ್ದರೆ ಚರಂಡಿಯ ಮಾತು ಬರುತ್ತಿತ್ತಾ?

ವಸತಿಯ ವಿಷಯ ಸ್ಥಳೀಯ ಆಡಳಿತವೇ ತೀರ್ಮಾನ ಮಾಡಬೇಕು, ಜನರಿಗೆ ಹತ್ತಿರ ಇರುವವರು ಅವರೇ ಅಂತ ಎಲ್ಲರೂ ಹೇಳುತ್ತಾರೆ. ಯಾವ ಜನರಿಗೆ ಹತ್ತಿರ? ಷಿಕಾಗೋದಲ್ಲಿ ಸರ್ಕಾರಿ ಮನೆ ಕಟ್ಟುವ ಜಾಗಕ್ಕೆ ಆಯಾ ವಾರ್ಡಿನ ಸದಸ್ಯರ ಒಪ್ಪಿಗೆ ಕೇಳುವ ರೂಢಿ ಇತ್ತು. ಬಿಳಿಯರ ವಾರ್ಡಿನವರು ನಮ್ಮಲ್ಲಿ ಬೇಡ ಅಂದರು. ಕಟ್ಟಿದ ಮನೆಗಳು ಹೆಚ್ಚುಕಡಿಮೆ ಎಲ್ಲವೂ ಕಪ್ಪು ಜನರ ಬಡಾವಣೆಗಳಲ್ಲೇ ಬಂದವು. ಡೊರೊಥಿ ಗಾಟ್ರೋ ಅನ್ನುವ ಹೆಂಗಸು, ಆಕೆಯೂ ಸರ್ಕಾರಿ ಮನೆಯಲ್ಲಿ ಬಾಡಿಗೆಗೆ ಇದ್ದವರೇ, ಇನ್ನು ಕೆಲವರ ಜೊತೆ ಸೇರಿ 1966ರಲ್ಲಿ ಕೋರ್ಟಿಗೆ ಹೋದರು. 1969ರಲ್ಲಿ ಕೋರ್ಟು ಇದು ತಪ್ಪು ಅಂತ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಆಕೆ ತೀರಿಕೊಂಡಿದ್ದರು. ಆಕೆಯನ್ನೂ ಯಾರೋ ಹೀಗೆ ಕೂತ್ಕೋ ಅಂದಿರಬೇಕು ಅಂತ ದಾರಿಯುದ್ದಕ್ಕೂ ಅನಿಸುತ್ತಿತ್ತು.

ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಡಿಮೆ ಬಾಡಿಗೆಯ ಸರ್ಕಾರಿ ಮನೆ ಕಟ್ಟಬೇಕಾದರೆ ಊರಿನವರ ಮತದಾನ ಆಗಬೇಕು ಅಂತ 1950ರಲ್ಲಿ ಸಂವಿಧಾನಕ್ಕೇ ಸೇರಿಸಿದರು. ಶ್ರೀಮಂತರ ಬಂಗಲೆಗೆ ಊರಿನ ಓಟು ಬೇಡ, ಬಡವರ ಮನೆಗೆ ಬೇಕು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೂಡ ಇದನ್ನು ಸರಿ ಅಂತು. ಫ್ರಾನ್ಸ್‌ನಲ್ಲಿ 2000ರಲ್ಲಿ ಕಾನೂನು ಮಾಡಿ, ಇಂತಿಷ್ಟು ದೊಡ್ಡ ಊರುಗಳಲ್ಲಿ ನೂರಕ್ಕೆ 20 ಮನೆ ಕಡಿಮೆ ಬಾಡಿಗೆಯವರಿಗೆ ಇರಲೇಬೇಕು ಅಂದರು. ಆಮೇಲೆ ಅದನ್ನು ಬಹಳ ಕಡೆ 25ಕ್ಕೆ ಏರಿಸಿದರು. ದಂಡ ಕಟ್ಟುತ್ತೇವೆ, ಮನೆ ಮಾತ್ರ ಕಟ್ಟುವುದಿಲ್ಲ ಅನ್ನುವ ಊರುಗಳು ಅಲ್ಲೂ ಇವೆ. ಹಣ ಹೋದರೂ ಪರವಾಗಿಲ್ಲ, ನಮ್ಮಂಥವರ ಮುಖ ಮಾತ್ರ ನೋಡಬಾರದು.

ಹಾಗಾದರೆ ಎಲ್ಲವನ್ನೂ ಮೇಲಿನವರೇ ತೀರ್ಮಾನ ಮಾಡಲಿ ಅನ್ನಲಾ? ಅದೂ ಬಾಯಿಗೆ ಬರುವುದಿಲ್ಲ. ಬ್ರಿಟನ್‌ನಲ್ಲಿ 1980ರಲ್ಲಿ ಮೇಲಿನವರೇ ತೀರ್ಮಾನ ಮಾಡಿದ್ದು. ಕೌನ್ಸಿಲ್ ಮನೆಗಳನ್ನು, ಅಂದರೆ ಊರಿನ ಆಡಳಿತ ಬಾಡಿಗೆಗೆ ಕೊಟ್ಟ ಮನೆಗಳನ್ನು, ಒಳಗಿರುವ ಬಾಡಿಗೆದಾರರಿಗೆ ರಿಯಾಯಿತಿಯಲ್ಲಿ ಮಾರಲೇಬೇಕು ಅಂತ ಕಾನೂನು ಬಂತು. ಕೊಂಡವರಿಗೆ ಒಳ್ಳೆಯದಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಮಾರಿ ಬಂದ ದುಡ್ಡನ್ನೆಲ್ಲ ಹೊಸ ಮನೆಗೆ ಹಾಕಲು ಕೌನ್ಸಿಲ್‌ಗಳಿಗೆ ಬಿಡಲಿಲ್ಲ. ನಾರ್ವಿಚ್ ಕೌನ್ಸಿಲ್ ಮಾರಾಟ ನಿಧಾನ ಮಾಡಿತು ಅಂತ ಮಂತ್ರಿಯೇ ಆ ಕೆಲಸ ಕೈಗೆ ತಗೊಳ್ಳಲು ಹೊರಟರು, 1982ರಲ್ಲಿ ಕೋರ್ಟು ಮಂತ್ರಿಯ ಪರ ನಿಂತಿತು. ಆಮೇಲೆ ಮನೆ ಬೇಕು ಅಂತ ಬಂದವರು ಯಾರನ್ನು ಕೇಳಬೇಕಿತ್ತು? ಕೌನ್ಸಿಲ್ ಹತ್ತಿರ ಮನೆ ಇಲ್ಲ, ಮಂತ್ರಿಯ ಬಾಗಿಲು ಸಿಗುವುದಿಲ್ಲ.

ಇನ್ನು ಆಸ್ಟ್ರಿಯಾದ ವಿಯೆನ್ನಾ. ಅದನ್ನು ನೆನೆದರೆ ಸಿಟ್ಟು ಇನ್ನೂ ಜಾಸ್ತಿಯಾಗುತ್ತದೆ, ಯಾಕೆಂದರೆ ಅಲ್ಲಿ ಮಾಡಿ ತೋರಿಸಿದ್ದು ಊರಿನ ಆಡಳಿತವೇ. 1923ರಲ್ಲಿ ಮನೆ ತೆರಿಗೆ ಹಾಕಿದರು, ದೊಡ್ಡ ಬಂಗಲೆಯವರಿಗೆ ಜಾಸ್ತಿ, ಸಣ್ಣ ಮನೆಯವರಿಗೆ ಕಡಿಮೆ. ಹತ್ತು ಹನ್ನೊಂದು ವರ್ಷದಲ್ಲಿ 60 ಸಾವಿರಕ್ಕೂ ಜಾಸ್ತಿ ಮನೆ ಕಟ್ಟಿದರು. ಅಂಗಳ, ಬಟ್ಟೆ ಒಗೆಯುವ ಜಾಗ, ಶಿಶುವಿಹಾರ, ಎಲ್ಲ ಇತ್ತು. ಕಾರ್ಲ್ ಮಾರ್ಕ್ಸ್ ಹೋಫ್ ಅನ್ನುವ ಒಂದೇ ಕಟ್ಟಡ ಒಂದು ಕಿಲೋಮೀಟರಿಗಿಂತ ಉದ್ದ ಇದೆ, ಜನ ಇವತ್ತಿಗೂ ಅದರಲ್ಲಿ ಇದ್ದಾರೆ. ಆದರೆ ಒಂದು ವಿಷಯ ಮರೆಯಬಾರದು. 1922ರಲ್ಲಿ ವಿಯೆನ್ನಾ ತಾನೇ ಒಂದು ಪ್ರಾಂತ್ಯ ಆಯಿತು, ತೆರಿಗೆ ಹಾಕುವ ಅಧಿಕಾರ ಅದರ ಕೈಯಲ್ಲಿತ್ತು. ನಮ್ಮ ಮೇಜಿನ ಆಚೆ ಕೂತವರ ಕೈಯಲ್ಲಿ ದುಡ್ಡೂ ಇಲ್ಲ, ಮನಸ್ಸೂ ಇಲ್ಲ. ಬೇಡ ಅನ್ನುವ ಅಧಿಕಾರ ಮಾತ್ರ ಇದೆ.

ಬಿಡಿ, ಬರೆದು ಏನಾಗಬೇಕು. ಆ ಜಾಗದಲ್ಲಿ ಇನ್ನು ಮನೆ ಏಳುವುದಿಲ್ಲ. ಮುಂದಿನ ವರ್ಷವೂ ಬಾಡಿಗೆ ಏರುತ್ತದೆ, ನಾವು ಇನ್ನೂ ದೂರ ಹೋಗುತ್ತೇವೆ, ಆಮೇಲೆ ನಿಜವಾಗಿಯೂ ಇಲ್ಲಿನವರಲ್ಲ ಆಗುತ್ತೇವೆ.

ಇಲ್ಲ, ಬಿಡುವುದಿಲ್ಲ. ಯಾಕೆ ಬಿಡಬೇಕು? ಒಂದೊಂದು ಊರಿಗೆ ಎಷ್ಟು ಮನೆ ಅಂತ ಮೇಲಿನವರು ಕಾನೂನಿನಲ್ಲೇ ಬರೆಯಲಿ, ಅದಕ್ಕೆ ದುಡ್ಡೂ ಕೊಡಲಿ. ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು ಅನ್ನುವುದು ಊರಿಗೆ ಬಿಟ್ಟಿದ್ದು. ಕಟ್ಟಬೇಕಾ ಬೇಡವಾ ಅನ್ನುವ ಪ್ರಶ್ನೆಯನ್ನು ಆ ಮೇಜಿನ ಮೇಲೆ ಇಡಲೇಬಾರದು. ಇನ್ನೊಬ್ಬರ ತಲೆ ಮೇಲೆ ಸೂರು ಇರಬೇಕಾ ಅಂತ ಕೈ ಎತ್ತಿಸಿ ಕೇಳುವುದು ಯಾವ ನ್ಯಾಯ?

ಪಾಲಿಕೆಯಲ್ಲಿ ಕೆಲಸ ಮಾಡಿದವರು, ಇಂಥ ಸಭೆ ನಡೆಸಿದವರು, ಸದಸ್ಯರಾಗಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ನೇರವಾಗಿ ಉತ್ತರ ಕೊಡಿ. ಪಕ್ಕದ ಮನೆಯವರ ವಿರೋಧವನ್ನು ಬರೆದುಕೊಳ್ಳುತ್ತೀರಿ, ಸಹಿ ಹಾಕಿಸಿಕೊಳ್ಳುತ್ತೀರಿ. ಮನೆಗೆ ಅರ್ಜಿ ಹಾಕಿ ಕಾಯುತ್ತಿರುವವರ ಪಟ್ಟಿ ನಿಮ್ಮದೇ ಆಫೀಸಿನಲ್ಲಿದೆ. ಅದರಲ್ಲಿರುವವರಿಗೆ ಸಭೆಯ ನೋಟಿಸ್ ಯಾಕೆ ಕಳಿಸುವುದಿಲ್ಲ?