ಚರ್ಚ್ ಸಂಸ್ಥೆಗಳಿಗೆ ಕಾರ್ಮಿಕ ಕಾನೂನು ಅನ್ವಯಿಸಲ್ವಾ? ಒಂದು ಸ್ಪಷ್ಟನೆ

ದಾವಣಗೆರೆ, ಚಿತ್ರದುರ್ಗದ ಕೆಲವು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಧರ್ಮಾರ್ಥ ಸಂಸ್ಥೆಗಳಿಗೆ ವಿನಾಯಿತಿ ಇದೆ, ಹಾಗಾಗಿ ಚರ್ಚ್‌ಗಳು ಹಳೇ ಸೇವಾ ನಿಯಮವನ್ನೇ ಇಟ್ಟುಕೊಂಡರೆ ಸಾಕು ಅಂತ. ಇದು ಅರ್ಧ ನಿಜ. ಅರ್ಧ ನಿಜವೇ ಜಾಸ್ತಿ ತೊಂದರೆ ಕೊಡುವುದು.

ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಅವುಗಳಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಧರ್ಮಾರ್ಥ ಸಂಸ್ಥೆಗಳನ್ನು 'ಕೈಗಾರಿಕೆ'ಯ ಲೆಕ್ಕದಿಂದ ಹೊರಗಿಟ್ಟಿರುವುದು ಹೌದು. ಆದರೆ ಅದು ನೋಡುವುದು ವ್ಯಾಜ್ಯ, ಮುಷ್ಕರ, ಕೆಲಸದಿಂದ ತೆಗೆಯುವುದು ಇಂಥ ವಿಷಯ. ಗ್ರ್ಯಾಚುಯಿಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಇರುವುದು ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿ. ಕೈಗಾರಿಕಾ ಸಂಬಂಧಗಳ ಸಂಹಿತೆಯ ವಿನಾಯಿತಿ ಅದಕ್ಕೆ ತಾಗುವುದಿಲ್ಲ. ನಿಗದಿತ ಅವಧಿಗೆ ನೇಮಿಸಿದವರು ಗ್ರ್ಯಾಚುಯಿಟಿಗೆ ಈಗ ಐದು ವರ್ಷ ಕಾಯಬೇಕಿಲ್ಲ. ಚರ್ಚ್ ನಡೆಸುವ ಶಾಲೆಯ ಶಿಕ್ಷಕರ ಗ್ರ್ಯಾಚುಯಿಟಿಯಂತೂ ಹಳೇ ಮಾತು. ಗ್ರ್ಯಾಚುಯಿಟಿ ಕಾಯ್ದೆಯ 2009ರ ತಿದ್ದುಪಡಿ ಅದನ್ನು 1997ರಿಂದಲೇ ಅನ್ವಯಿಸಿತು, 2022ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಲೈಂಗಿಕ ಕಿರುಕುಳ ತಡೆ ಕಾಯ್ದೆ ಬಂದಿದ್ದು 2013ರಲ್ಲಿ. ಅದರಲ್ಲಿ ಟ್ರಸ್ಟ್, ಸೊಸೈಟಿಗಳ ಹೆಸರೇ ಇದೆ. ಚರ್ಚ್‌ನ ಶಾಲೆ, ಆಸ್ಪತ್ರೆಯಲ್ಲಿ ಹತ್ತು ಅಥವಾ ಹೆಚ್ಚು ಜನ ಕೆಲಸಗಾರರಿದ್ದರೆ ದೂರು ಕೇಳುವ ಆಂತರಿಕ ಸಮಿತಿ ಬೇಕೇ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ.

ಪಾಸ್ಟರ್, ಫಾದರ್‌ಗಳ ನೇಮಕದ ಪ್ರಶ್ನೆ ಬೇರೆ. ಅದನ್ನು ಮುಂದಿಟ್ಟುಕೊಂಡು ಅಡುಗೆಯವರನ್ನೂ ವಾಚ್‌ಮನ್‌ನನ್ನೂ ಸುಮ್ನೆ 'ದೇವರ ಸೇವೆ'ಗೆ ಸೇರಿಸುವುದು ಸರಿಯಲ್ಲ, ಅಲ್ವಾ?

ಇನ್ನೊಂದು ಮಾತು. ಕನಿಷ್ಠ ವೇತನದ ತುಟ್ಟಿಭತ್ಯೆಯನ್ನು ರಾಜ್ಯ ಸರ್ಕಾರ ಪ್ರತಿ ಏಪ್ರಿಲ್‌ನಲ್ಲಿ ಬದಲಿಸುತ್ತದೆ. ಸೇವಾ ನಿಯಮದಲ್ಲಿ ಸಂಬಳದ ಮೊತ್ತವನ್ನೇ ಅಚ್ಚು ಹಾಕಿಸಿದವರು ಈ ತಿಂಗಳೇ ಅದನ್ನು ತೆರೆದು ನೋಡಲಿ.