ಸತ್ಯಾಂಶ: ‘ಇಂಡಿಯಾ’ ಹೆಸರು 1947ರಲ್ಲಿ ಹುಟ್ಟಿದ್ದಲ್ಲ

ಆಗಸ್ಟ್ ಬಂದರೆ ಸಾಕು, ಆ ಫಾರ್ವರ್ಡ್ ಮತ್ತೆ ಬರುತ್ತದೆ: ‘ಇಂಡಿಪೆಂಡೆಂಟ್ ನೇಷನ್ ಡಿಕ್ಲೇರ್ಡ್ ಇನ್ ಆಗಸ್ಟ್’ (ಆಗಸ್ಟ್‌ನಲ್ಲಿ ಸ್ವತಂತ್ರವಾದ ದೇಶ) ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರಗಳೇ ‘ಇಂಡಿಯಾ’ ಅಂತೆ. ಹಂಚುವವರ ದೇಶಪ್ರೀತಿ ನಿಜ, ಮಾಹಿತಿ ಮಾತ್ರ ತಪ್ಪು.

ಸಿಂಧು ನದಿಯನ್ನು ಪರ್ಷಿಯನ್ನರು ಹಿಂದು ಎಂದರು. ಗ್ರೀಕರ ಬಾಯಲ್ಲಿ ಅದು ಇಂಡೋಸ್ ಆಯಿತು, ಅಲ್ಲಿನ ನಾಡು ಇಂಡಿಯಾ ಆಯಿತು. 1492ರಲ್ಲಿ ಅಮೆರಿಕದ ದ್ವೀಪಗಳಿಗೆ ಬಂದಿಳಿದ ಕೊಲಂಬಸ್, ಇಂಡಿಯಾ ಕಡೆಗೇ ಬಂದೆ ಅಂದುಕೊಂಡು ಅಲ್ಲಿಯವರನ್ನು ಇಂಡಿಯನ್ನರು ಎಂದ. ಪಾಪ, ಇಡೀ ಖಂಡದ ಮೂಲನಿವಾಸಿಗಳಿಗೆ ಆ ಹೆಸರು ಅಂಟಿಕೊಂಡಿತು.

ಪರೀಕ್ಷಿಸುವುದು ಸುಲಭ. ಮೆಸೇಜು ಹೇಳುವ ಇಸವಿಗಿಂತ ಮೊದಲೇ ಆ ಪದ ಇತ್ತಾ ನೋಡಿ. ನಮ್ಮ ಬೆಳಗಾವಿಯಲ್ಲಿ 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ನಡೆದದ್ದು ‘ಇಂಡಿಯನ್’ ನ್ಯಾಷನಲ್ ಕಾಂಗ್ರೆಸ್ ಅಧಿವೇಶನ, ಅಲ್ವಾ? ಅಜ್ಜಿಯ ಪೆಟ್ಟಿಗೆಯಲ್ಲಿ ಬ್ರಿಟಿಷರ ಕಾಲದ ಕಾಲಾಣೆ ಸಿಕ್ಕರೆ ಅದನ್ನೂ ತಿರುಗಿಸಿ ನೋಡಿ. ‘ಇಂಡಿಯಾ’ ಅಂತಲೂ ಇರುತ್ತದೆ, ಇಸವಿಯೂ ಇರುತ್ತದೆ.